ಒಳ್ಳೆಯ ಹೆಣ್ಣು ಮರಿ ಮಾರಬೇಡಿ

ಕೈಲ್ ಪೊಳ್ದ್ ಹಬ್ಬ ಹತ್ತಿರ ಬಂತು. ಕೊಡಗಿನಲ್ಲಿ ಹಬ್ಬ ಅಂದರೆ ಹಂದಿ ಮಾಂಸ ಬೇಕು. ವ್ಯಾಪಾರಿ ಮನೆ ಬಾಗಿಲಿಗೆ ಬರುತ್ತಾನೆ. ಹಂದಿ ಗೂಡಿಗೆ ಬಗ್ಗಿ ನೋಡುತ್ತಾನೆ.

"ಅಮ್ಮ, ಆ ದಪ್ಪ ಹೆಣ್ಣು ಕೊಡಿ. ಒಳ್ಳೆ ಬೆಲೆ ಕೊಡ್ತೇನೆ" ಅನ್ನುತ್ತಾನೆ.

ಅತ್ತೆ ಸೊಸೆಗೆ ಹೇಳುತ್ತಾರೆ: "ಕೊಟ್ಟುಬಿಡು. ಕಾಸು ಬರ್ತದೆ. ಆ ಸಣ್ಣದು ಉಂಟಲ್ಲ, ಅದು ಮರಿ ಹಾಕಲಿ."

ಇದು ಎಷ್ಟೋ ಮನೆಗಳಲ್ಲಿ ನಡೆಯುವ ಮಾತು. ನಷ್ಟ ಇಲ್ಲಿಂದಲೇ ಶುರು. ಚೆನ್ನಾಗಿ ಬೆಳೆದ ಹೆಣ್ಣು ಮಾಂಸಕ್ಕೆ ಹೋಗುತ್ತದೆ. ಸೊರಗಿದ ಹೆಣ್ಣು ತಾಯಿ ಆಗುತ್ತದೆ. ಅದರ ಮರಿಗಳಲ್ಲೂ ಒಳ್ಳೆಯದನ್ನೇ ಮತ್ತೆ ಮಾರುತ್ತೇವೆ. ಹೀಗೆ ವರ್ಷದಿಂದ ವರ್ಷಕ್ಕೆ ಗೂಡಿನ ತಳಿ ಇಳಿಯುತ್ತಾ ಹೋಗುತ್ತದೆ. ಆಮೇಲೆ "ನಮಗೆ ಹಂದಿ ಕೈ ಹತ್ತಲಿಲ್ಲ" ಅನ್ನುತ್ತೇವೆ. ನೀವೇ ಹೇಳಿ, ಬಿತ್ತನೆಗೆ ಯಾರಾದರೂ ಜೊಳ್ಳು ಬತ್ತ ಇಡುತ್ತಾರೆಯೇ?

ಒಂದು ಲೆಕ್ಕ ಮಾಡೋಣ. ಹಂದಿ ವರ್ಷಕ್ಕೆ ಎರಡು ಸಲ ಮರಿ ಹಾಕಬಲ್ಲದು. ಒಂದು ತಾಯಿ ಸಲಕ್ಕೆ 8 ಮರಿ ಬದುಕಿಸಿತು ಅಂದುಕೊಳ್ಳಿ. ವರ್ಷಕ್ಕೆ 16 ಆಯಿತು. ಇನ್ನೊಂದು ಸಲಕ್ಕೆ 4 ಬದುಕಿಸಿತು. ವರ್ಷಕ್ಕೆ 8 ಮಾತ್ರ. ಎರಡಕ್ಕೂ ತೌಡು ಹಾಕಲೇಬೇಕು. ಗೂಡು ತೊಳೆಯುವ ಕೆಲಸವೂ ಅಷ್ಟೇ. ಆ ಕೆಲಸ ಮಾಡುವವರು ಯಾರು? ನಾವೇ ಅಲ್ಲವೇ?

ಹಾಗಾದರೆ ಯಾವ ಮರಿ ಇಟ್ಟುಕೊಳ್ಳಬೇಕು?

ಮೊದಲು ಮೊಲೆ ಎಣಿಸಿ. ಇದನ್ನು ಮರಿ ಸಣ್ಣದಿದ್ದಾಗಲೇ ನೋಡಬಹುದು. ಒಂದೊಂದು ಬದಿಗೆ 6, ಒಟ್ಟು 12 ಆದರೂ ಇರಬೇಕು. 14 ಇದ್ದರೆ ಇನ್ನೂ ಒಳ್ಳೆಯದು. ಯಾಕೆ ಗೊತ್ತೇ? ಹುಟ್ಟಿದ ಕೆಲವೇ ದಿನದಲ್ಲಿ ಪ್ರತಿ ಮರಿಯೂ ತನ್ನದೇ ಒಂದು ಮೊಲೆ ಹಿಡಿಯುತ್ತದೆ. ಆಮೇಲೆ ಅದನ್ನು ಬೇರೆ ಮರಿಗೆ ಬಿಟ್ಟುಕೊಡುವುದಿಲ್ಲ. 8 ಮೊಲೆಗೆ 10 ಮರಿ ಆದರೆ ಎರಡು ಹಸಿದು ಸಾಯುತ್ತವೆ. ತೊಟ್ಟು ಒಳಗೆ ಹೂತಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದರಲ್ಲಿ ಹಾಲು ಸಿಗುವುದಿಲ್ಲ.

ಆಮೇಲೆ ಮರಿಯ ತಾಯಿಯನ್ನು ನೋಡಿ. ಕೆಲವು ತಾಯಿ ಹಂದಿ ಧಪ್ ಅಂತ ಬಿದ್ದು ಮರಿಯನ್ನೇ ಅಡಿಗೆ ಹಾಕಿ ಕೊಲ್ಲುತ್ತವೆ. ಕೆಲವು ಮೆಲ್ಲಗೆ ಮಂಡಿಯೂರಿ ಮಲಗುತ್ತವೆ. ಹೆಚ್ಚು ಮರಿ ಹಾಕಿ, ಹಾಲು ಕೊಟ್ಟು, ಎರಡು ತಿಂಗಳು ಸಾಕಿದ ಸಾಧು ತಾಯಿಯ ಮಗಳನ್ನೇ ಆರಿಸಿ. ಕಾಲು ಗಟ್ಟಿ ಇರಲಿ.

ಗಂಡಿನ ಪಾಲೂ ಅರ್ಧ ಇದೆ. ಆದರೆ ಗಂಡನ್ನು ಬೇರೆ ಊರಿನಿಂದಲೂ ತರಬಹುದು. ತರಲೇಬೇಕು. ಅಣ್ಣ ತಂಗಿ ಹಂದಿಗಳನ್ನು ಕೂಡಿಸಿದರೆ ಮರಿ ಸೊರಗುತ್ತವೆ. ಮರಿಯನ್ನು ಹೊಟ್ಟೆಯಲ್ಲಿ ಬೆಳೆಸಿ, ಹಾಲೂಡಿಸಿ ಉಳಿಸುವುದು ಮಾತ್ರ ತಾಯಿಯೇ.

ಕುಶಾಲನಗರದ ಹತ್ತಿರ ಕೂಡಿಗೆಯಲ್ಲಿ ಸರ್ಕಾರದ ಹಂದಿ ತಳಿ ಸಂವರ್ಧನಾ ಕೇಂದ್ರ ಇದೆ. ಬಿಳಿಯ ಯಾರ್ಕ್‌ಷೈರ್ ತಳಿ ಬೇಗ ಬೆಳೆಯುತ್ತದೆ, ಮರಿಯೂ ಹೆಚ್ಚು. ಹೊಸ ಹಂದಿ ಎಲ್ಲಿಂದಲೇ ತನ್ನಿ, ಮೂರು ನಾಲ್ಕು ವಾರ ಬೇರೆ ಕಟ್ಟಿ. ಆಫ್ರಿಕಾದ ಹಂದಿ ಜ್ವರ 2020ರಲ್ಲಿ ನಮ್ಮ ದೇಶಕ್ಕೆ ಬಂತು. ಅದು ಗೂಡಿಗೆ ಹೊಕ್ಕರೆ ಮದ್ದಿಲ್ಲ. ಹೋಟೆಲಿನ ಎಂಜಲು ಹಾಕುವವರು ಚೆನ್ನಾಗಿ ಕುದಿಸಿಯೇ ಹಾಕಿ.

ಮೊದಲ ಬೆದೆಗೇ ಗಂಡು ಕೂಡಿಸಬೇಡಿ. ಹೆಣ್ಣಿಗೆ 8 ತಿಂಗಳಾದರೂ ತುಂಬಲಿ. ಕೂಡಿಸಿದ ದಿನ ಪುಸ್ತಕದಲ್ಲಿ ಬರೆಯಿರಿ. ಈಗ ನಿಮಗೆ ಬರೆಯಲು ಬರುತ್ತದಲ್ಲ! 21 ದಿನಕ್ಕೆ ಮತ್ತೆ ಬೆದೆಗೆ ಬಂದರೆ ಗಬ್ಬ ನಿಂತಿಲ್ಲ. ನಿಂತರೆ 3 ತಿಂಗಳು, 3 ವಾರ, 3 ದಿನ ಎಣಿಸಿ. ಜನವರಿ 1ಕ್ಕೆ ಕೂಡಿಸಿದರೆ ಏಪ್ರಿಲ್ 25ರ ಸುಮಾರಿಗೆ ಮರಿ. ಎಷ್ಟು ಹುಟ್ಟಿತು, ಎರಡು ತಿಂಗಳಿಗೆ ಎಷ್ಟು ಉಳಿಯಿತು, ಅದನ್ನೂ ಬರೆಯಿರಿ. ಯಾವ ತಾಯಿ ಒಳ್ಳೆಯದು ಎಂದು ಪುಸ್ತಕವೇ ಹೇಳುತ್ತದೆ. ಆಡು ಸಾಕುವವರೂ ಹೀಗೆ ಬರೆದಿಡಬಹುದು.

ಆ ಮನೆಯ ಸೊಸೆ ಏನು ಮಾಡಿದಳು? ಪುಸ್ತಕ ತಂದು ಅತ್ತೆಗೆ ಓದಿ ಹೇಳಿದಳು. "ಅತ್ತೆ, ಇದರ ತಾಯಿ ಕಳೆದ ಸಲ 9 ಹಾಕಿ 8 ಉಳಿಸಿತ್ತು. ಇದಕ್ಕೆ 14 ಮೊಲೆ ಉಂಟು. ಇದನ್ನು ಇಟ್ಟುಕೊಳ್ಳುವ."

ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ವ್ಯಾಪಾರಿಗೆ ಹೇಳಿದರು: "ಹಬ್ಬಕ್ಕೆ ಆ ಎರಡು ಗಂಡು ಹಿಡ್ಕೊಂಡು ಹೋಗಪ್ಪ. ಹೆಣ್ಣು ಕೊಡುವುದಿಲ್ಲ."