ಹಳೆಯ ಫೋನ್ ಕೊಟ್ಟೆವು, ಹೇಳಿದ ಬೆಲೆ ಸಿಗಲಿಲ್ಲ

ಈದ್‌ಗೆ ಇನ್ನೊಂದು ವಾರವಿದೆ ಎನ್ನುವಾಗ ವಿಜಯಪುರದ ಗಾಂಧಿ ಚೌಕದ ಸುತ್ತ ಒಮ್ಮೆ ನಡೆದು ನೋಡಿ. ಬಟ್ಟೆ, ಚಪ್ಪಲಿ, ಶಾವಿಗೆಯ ಅಂಗಡಿಗಳಲ್ಲಿ ಎಷ್ಟು ಜನರಿರುತ್ತಾರೋ ಮೊಬೈಲ್ ಅಂಗಡಿಗಳಲ್ಲಿಯೂ ಅಷ್ಟೇ ಜನ. 'ಹಳೆಯದನ್ನು ತನ್ನಿ, ಹೊಸದನ್ನು ಒಯ್ಯಿರಿ', 'ಒಂದು ವರ್ಷ ಬಳಸಿ, ಅರ್ಧ ಬೆಲೆಗೆ ವಾಪಸ್ ಕೊಡಿ' ಎಂಬ ಫಲಕಗಳು ಕಣ್ಣು ಕುಕ್ಕುತ್ತವೆ. ಟಿಕೋಟಾ, ಬಬಲೇಶ್ವರದಿಂದ ಹಬ್ಬದ ಸಂತೆಗೆಂದು ಬಂದವರೂ ಒಂದು ಗಳಿಗೆ ನಿಂತು ನೋಡಿಯೇ ಮುಂದೆ ಹೋಗುತ್ತಾರೆ.

ಸಹೋದರಿಯರೇ, ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಟಿಕೋಟಾದ ಒಬ್ಬ ತಾಯಿ. ಒಣದ್ರಾಕ್ಷಿ ಹಂಗಾಮಿನಲ್ಲಿ ಶೆಡ್ಡಿಗೆ ಹೋಗಿ, ದಿನವಿಡೀ ಕುಳಿತು ಕಡ್ಡಿ ಕಸ ಆರಿಸಿ, ಕೂಲಿಯಲ್ಲಿ ಒಂದಿಷ್ಟು ಉಳಿಸಿದ್ದಾಳೆ. ಮಗಳು ಪಿಯುಸಿ ಓದುತ್ತಿದ್ದಾಳೆ. ಪಾಠಗಳೆಲ್ಲ ಫೋನಿಗೇ ಬರುತ್ತವೆ. ತಾಯಿ 14 ಸಾವಿರ ಕೊಟ್ಟು ಫೋನ್ ಕೊಂಡಳು. ಒಂದು ವರ್ಷದ ಬಳಿಕ ತಂದರೆ 7 ಸಾವಿರ ಹಿಡಿದು ಹೊಸ ಮಾಡೆಲ್ ಕೊಡುತ್ತೇವೆ ಎಂದು ಅಂಗಡಿಯವರು ಹೇಳಿದ್ದರು. ವರ್ಷ ತುಂಬಿತು. ಫೋನ್ ಒರೆಸಿಕೊಂಡು, ಬಸ್ಸು ಹತ್ತಿ ಬಂದಳು.

'ಆ ಸ್ಕೀಮ್ ಮುಗದೈತ್ರೀ ಅಕ್ಕಾರ. ಈಗ ಎರಡೂವರೆ ಸಾವಿರ ಬರ್ತೈತಿ ನೋಡ್ರಿ. ಬೇಕಂದ್ರ ಕಂಪನಿಯವರನ್ನ ಕೇಳ್ರಿ.'

ಇದು ಯಾರೊಬ್ಬರ ಹೆಸರು ಹಿಡಿದು ಹೇಳಿದ ಕತೆಯಲ್ಲ, ಉದಾಹರಣೆ ಅಷ್ಟೇ. ಆದರೆ ಹೀಗೆ ಸಪ್ಪೆ ಮುಖ ಮಾಡಿಕೊಂಡು ಮರಳಿದವರು ನಿಮ್ಮ ಓಣಿಯಲ್ಲಿಯೂ ಇರಬಹುದು. ನಾಲ್ಕೂವರೆ ಸಾವಿರ ರೂಪಾಯಿಗೆ ಯಾರು ಕೋರ್ಟು ಕಚೇರಿ ಅಲೆಯುತ್ತಾರೆ ಎಂದು ಸುಮ್ಮನಾಗುತ್ತೇವೆ. ಆದರೆ ಆ ಹಣ ಎಷ್ಟು ದಿನದ ಕೂಲಿ ಎಂಬುದು ದುಡಿದವಳಿಗೆ ಗೊತ್ತು.

ಕಾನೂನು ಏನು ಹೇಳುತ್ತದೆ?

ನಮ್ಮ ದೇಶದಲ್ಲಿ ಗ್ರಾಹಕರ ಸಂರಕ್ಷಣೆಗೆ ಮೊದಲು ಬಂದದ್ದು 1986ರ ಕಾನೂನು. ಅದರ ಸ್ಥಾನದಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಕೊಡುವ ಮನಸ್ಸಿಲ್ಲದೆ ಉಡುಗೊರೆ, ಬಹುಮಾನ ಅಥವಾ ಇನ್ನಿತರ ವಸ್ತುವಿನ ಆಸೆ ತೋರಿಸುವುದು ಈ ಕಾಯ್ದೆಯ ಪ್ರಕಾರ 'ಅನುಚಿತ ವ್ಯಾಪಾರ ಪದ್ಧತಿ'. 'ಉಚಿತ' ಎಂದು ಹೇಳಿ ಅದರ ಬೆಲೆಯನ್ನು ಒಳಗಿಂದೊಳಗೇ ನಿಮ್ಮಿಂದಲೇ ವಸೂಲು ಮಾಡುವುದೂ ಅದೇ. ಮಾರಿದ ಸಾಮಾನಿಗೆ ಬಿಲ್ಲು ಕೊಡದಿರುವುದು ಕೂಡ ಅದೇ ಪಟ್ಟಿಯಲ್ಲಿದೆ.

ಜಾಹೀರಾತಿಗೂ ಕಟ್ಟಳೆ ಇದೆ. ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು 2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿತು. ಅದರ ಪ್ರಕಾರ ಘೋಷಣೆ ಯಾವ ಭಾಷೆಯಲ್ಲಿದೆಯೋ ಅದರ ಷರತ್ತೂ ಅದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ದೊಡ್ಡದಾಗಿ 'ಅರ್ಧ ಬೆಲೆ ವಾಪಸ್' ಎಂದು ಬರೆದು, ಷರತ್ತನ್ನು ಕೆಳಗಡೆ ಇರುವೆ ಸಾಲಿನಂತಹ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕುವುದು ಸರಿಯಲ್ಲ. ಹೇಳಿದ ದರಕ್ಕೆ ಕೊಡುವಷ್ಟು ಮಾಲು ಇಲ್ಲದೆ ಜನರನ್ನು ಸೆಳೆಯುವಂತೆಯೂ ಇಲ್ಲ. ಮಾಲು ಸೀಮಿತವಾಗಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಬೇಕು.

'ಫೋನ್ ಕೊಂಡದ್ದು ಯಜಮಾನರು, ಬಿಲ್ಲು ಅವರ ಹೆಸರಿನಲ್ಲಿದೆ, ಅವರೋ ದುಬೈಯಲ್ಲಿದ್ದಾರೆ' ಎಂದು ಹಿಂಜರಿಯುವ ಸಹೋದರಿಯರಿದ್ದಾರೆ. ಹಿಂಜರಿಯಬೇಕಿಲ್ಲ. ಕೊಂಡವರ ಒಪ್ಪಿಗೆಯಿಂದ ಆ ವಸ್ತುವನ್ನು ಬಳಸುವವರನ್ನೂ ಕಾಯ್ದೆ 'ಗ್ರಾಹಕ' ಎಂದೇ ಕರೆಯುತ್ತದೆ. ನೀವೇ ದೂರು ಕೊಡಬಹುದು.

ಹೋರಾಡಿ ಗೆದ್ದವರೂ ಇದ್ದಾರೆ

ನಮ್ಮ ರಾಜ್ಯದ್ದೇ ಒಂದು ಪ್ರಕರಣ ನೋಡಿ. ಬೆಂಗಳೂರಿನ ಮಹಿಳೆಯೊಬ್ಬರು 2022ರ ಜನವರಿಯಲ್ಲಿ ಫ್ಲಿಪ್‌ಕಾರ್ಟ್ ಮೂಲಕ 12,499 ರೂಪಾಯಿಯ ಮೊಬೈಲ್ ಕಾದಿರಿಸಿದರು. ಹಣ ಹೋಯಿತು, ಫೋನ್ ಬರಲಿಲ್ಲ. ಗ್ರಾಹಕ ಸೇವಾ ಕೇಂದ್ರಕ್ಕೆ ಮತ್ತೆ ಮತ್ತೆ ಕರೆ ಮಾಡಿದರೂ ಪ್ರಯೋಜನವಾಗಲಿಲ್ಲ. ಅವರು ಬೆಂಗಳೂರು ನಗರ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತಟ್ಟಿದರು. ಫೋನಿನ ಹಣವನ್ನು ಶೇಕಡಾ 12ರ ಬಡ್ಡಿಯೊಂದಿಗೆ ಮರಳಿಸಬೇಕು, ಅದರ ಮೇಲೆ 20,000 ರೂಪಾಯಿ ದಂಡ ಮತ್ತು 10,000 ರೂಪಾಯಿ ಮೊಕದ್ದಮೆಯ ಖರ್ಚು ಕೊಡಬೇಕು ಎಂದು ಆಯೋಗ ಆದೇಶಿಸಿದ್ದು 2023ರ ಜನವರಿಯ ಹೊತ್ತಿಗೆ ಪತ್ರಿಕೆಗಳಲ್ಲಿ ಬಂತು. ಹನ್ನೆರಡೂವರೆ ಸಾವಿರದ ವಿಷಯವೆಂದು ಅವರು ಸುಮ್ಮನಿದ್ದಿದ್ದರೆ?

ಇನ್ನೊಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಹಮದಾಬಾದಿನ ಒಬ್ಬ ಗ್ರಾಹಕರಿಗೆ 2013ರ ಕೊನೆಯಲ್ಲಿ ಒಂದೇ ತಿಂಗಳಿಗೆ 24 ಸಾವಿರ ರೂಪಾಯಿಗೂ ಹೆಚ್ಚಿನ ಮೊಬೈಲ್ ಬಿಲ್ ಬಂದಿತ್ತು. ಅವರು ಗ್ರಾಹಕ ವೇದಿಕೆಗೆ ಹೋದಾಗ, ದೂರವಾಣಿ ವಿಷಯವನ್ನು ಅಲ್ಲಿ ವಿಚಾರಿಸುವಂತಿಲ್ಲ ಎಂದು ಕಂಪನಿ ವಾದಿಸಿತು. 2009ರ ಒಂದು ತೀರ್ಪು ಕಂಪನಿಗಳಿಗೆ ಈ ನೆಪ ಒದಗಿಸಿತ್ತು. 2022ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಆ ವಾದವನ್ನು ತಳ್ಳಿಹಾಕಿತು. ಟೆಲಿಕಾಂ ಕಂಪನಿಗಳ ಮೇಲೂ ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂಬುದು ಈಗ ಇತ್ಯರ್ಥವಾಗಿದೆ. ಸಿಮ್, ರೀಚಾರ್ಜ್‌ಗಳ ಜೊತೆ ಸೇರಿಸಿ ಫೋನ್ ಮಾರುವ ಕೊಡುಗೆಗಳಿಗೂ ಈ ತೀರ್ಪು ಉಪಯೋಗವಾಗುತ್ತದೆ.

ಕೊಳ್ಳುವ ಮೊದಲು ಎಚ್ಚರ

ಬಾಯಿಮಾತಿನ ಭರವಸೆಗೆ ಸಾಕ್ಷಿ ಇರುವುದಿಲ್ಲ. 'ವರ್ಷದ ಬಳಿಕ 7 ಸಾವಿರ' ಎಂಬ ಮಾತನ್ನು ಬಿಲ್ಲಿನ ಹಿಂದೆ ಬರೆಸಿ, ಅಂಗಡಿಯ ಮೊಹರು ಮತ್ತು ದಿನಾಂಕ ಹಾಕಿಸಿ. ಫಲಕದ, ಕರಪತ್ರದ ಫೋಟೋ ತೆಗೆದಿಟ್ಟುಕೊಳ್ಳಿ. ವಾಟ್ಸಾಪ್‌ನಲ್ಲಿ ಬಂದ ಜಾಹೀರಾತನ್ನು ಅಳಿಸಬೇಡಿ.

ಒಟ್ಟು ಎಷ್ಟು ಹಣ ಹೋಗುತ್ತದೆ ಎಂದು ಕೂಡಿಸಿ ನೋಡಿ. 2018ರ ಜುಲೈನಲ್ಲಿ ಹಳೆಯ ಫೋನ್ ಕೊಟ್ಟು 501 ರೂಪಾಯಿಗೆ ಜಿಯೋಫೋನ್ ಪಡೆಯುವ ಕೊಡುಗೆ ಬಂದಾಗ, ಆಗಲೇ ಮಾಡಿಸಬೇಕಾಗಿದ್ದ 594 ರೂಪಾಯಿಯ ರೀಚಾರ್ಜ್ ಸೇರಿ ಕೈಯಿಂದ ಹೋಗುತ್ತಿದ್ದದ್ದು 1,095. ಫಲಕದ ಮೇಲಿನ ಸಂಖ್ಯೆಯೇ ಬೇರೆ, ಪರ್ಸಿನಿಂದ ಹೋಗುವ ಸಂಖ್ಯೆಯೇ ಬೇರೆ. ತೀರಾ ಅಗ್ಗವೆನಿಸಿದರೆ ಇನ್ನೂ ಜಾಗ್ರತೆ ಬೇಕು. 2016ರ ಫೆಬ್ರವರಿಯಲ್ಲಿ 251 ರೂಪಾಯಿಗೆ ಸ್ಮಾರ್ಟ್‌ಫೋನ್ ಎಂದು 'ಫ್ರೀಡಂ 251' ದೇಶವನ್ನೇ ಮರುಳು ಮಾಡಿದ್ದು ನೆನಪಿದೆಯಲ್ಲವೇ? ಮರುವರ್ಷ ಆ ಕಂಪನಿಯ ಮುಖ್ಯಸ್ಥನ ಬಂಧನವಾಯಿತು.

ಬಡ್ಡಿಯಿಂದ ದೂರವಿರಬೇಕೆನ್ನುವ ನಮ್ಮ ಮನೆಗಳು 'ಶೂನ್ಯ ಬಡ್ಡಿಯ ಕಂತು' ಎಂಬ ಮಾತನ್ನು ಸಲೀಸಾಗಿ ನಂಬುತ್ತವೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದನ್ನು ಪ್ರೊಸೆಸಿಂಗ್ ಶುಲ್ಕದ ರೂಪದಲ್ಲಿ ಪಡೆಯಲಾಗುತ್ತದೆ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಕಂತಿನ ಕಾಗದವನ್ನು ಓದಿ, ಇಲ್ಲವೇ ಓದಬಲ್ಲ ಮಕ್ಕಳಿಂದ ಓದಿಸಿ, ಆಮೇಲೆ ಸಹಿ ಮಾಡಿ.

ಹಳೆಯ ಫೋನ್ ಕೈ ಬಿಡುವ ಮುನ್ನ ಇನ್ನೊಂದು ಮಾತು. ಅದರಲ್ಲಿ ನಿಮ್ಮ ಮನೆಯ ಫೋಟೋಗಳಿವೆ, ಮದುವೆ ಮುಂಜಿಗಳ ವಿಡಿಯೋಗಳಿವೆ, ಬ್ಯಾಂಕಿನ ಆ್ಯಪ್ ಇದೆ. ಬೇಕಾದದ್ದನ್ನು ಬೇರೆಡೆ ಉಳಿಸಿಕೊಂಡು, ಗೂಗಲ್ ಖಾತೆಯಿಂದ ಹೊರಬಂದು, ಫ್ಯಾಕ್ಟರಿ ರೀಸೆಟ್ ಮಾಡಿಸಿ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆಯಲು ಮರೆಯಬೇಡಿ. *#06# ಒತ್ತಿದರೆ ಬರುವ ಐಎಂಇಐ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಫೋನ್ ಪಡೆದದ್ದಕ್ಕೆ ಆ ಸಂಖ್ಯೆ ಹಾಕಿದ ರಶೀದಿ ಕೇಳಿ ಪಡೆಯಿರಿ.

ಮಾತು ತಪ್ಪಿದಾಗ ಏನು ಮಾಡಬೇಕು?

ಮೊದಲು, ಜಗಳಕ್ಕಿಳಿಯದೆ ಲಿಖಿತವಾಗಿ ಕೇಳಿ. ಯಾವ ದಿನ ಕೊಂಡಿರಿ, ಏನು ಭರವಸೆ ಕೊಟ್ಟಿದ್ದರು, ಯಾವ ದಿನ ನಿರಾಕರಿಸಿದರು, ನಿಮಗೆ ಏನು ಬೇಕು, ಈ ನಾಲ್ಕು ವಿಷಯ ಒಂದು ಹಾಳೆಯಲ್ಲಿ ಬರೆಯಿರಿ. ಹದಿನೈದು ದಿನ ಗಡುವು ಕೊಡಿ. ಅಂಗಡಿಗೂ ಕಂಪನಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಶೀದಿ ಜೋಪಾನ ಮಾಡಿ. ಅಂತರ್ಜಾಲದಲ್ಲಿ ಕೊಂಡಿದ್ದರೆ ಆ ಸಂಸ್ಥೆಯ ದೂರು ಅಧಿಕಾರಿಗೆ ಬರೆಯಿರಿ. 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸುವುದು, ಒಂದು ತಿಂಗಳೊಳಗೆ ಪರಿಹರಿಸುವುದು 2020ರ ನಿಯಮದಂತೆ ಅವರ ಹೊಣೆ.

ಎರಡನೆಯದು, 1915. ಇದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕರೆ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ಆದರೆ ನಿಮ್ಮ ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತಾರೆ. ಎಷ್ಟೋ ದೂರುಗಳು ಇಲ್ಲಿಯೇ ಬಗೆಹರಿಯುತ್ತವೆ.

ಮೂರನೆಯದು, ಜಿಲ್ಲಾ ಗ್ರಾಹಕ ಆಯೋಗ. ನಮ್ಮ ಜಿಲ್ಲೆಯ ಆಯೋಗ ವಿಜಯಪುರದಲ್ಲೇ ಇದೆ. ಹಳೆಯ ಕಾನೂನಿನಲ್ಲಿ ಎದುರು ಪಕ್ಷದವರು ವ್ಯವಹಾರ ನಡೆಸುವ ಊರಿಗೋ ವ್ಯವಹಾರ ನಡೆದ ಊರಿಗೋ ಹೋಗಬೇಕಿತ್ತು. ಈಗ ದೂರು ಕೊಡುವವರು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಬಬಲೇಶ್ವರದ ಸಹೋದರಿ ಸೊಲ್ಲಾಪುರದಲ್ಲಿ ಫೋನ್ ಕೊಂಡಿದ್ದರೂ ವಿಜಯಪುರದಲ್ಲಿ ದೂರು ದಾಖಲಿಸಬಹುದು. ಪಾವತಿಸಿದ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. 2025ರ ಜನವರಿಯಿಂದ 'ಇ-ಜಾಗೃತಿ' ತಾಣದಲ್ಲಿ ಮನೆಯಿಂದಲೇ ದೂರು ಸಲ್ಲಿಸುವ ಅನುಕೂಲವಿದೆ. ವಿಡಿಯೋ ಮೂಲಕ ವಿಚಾರಣೆಗೆ ಹಾಜರಾಗಲು ಕೋರಿಕೊಳ್ಳಲೂ ಕಾಯ್ದೆಯಲ್ಲಿ ಅವಕಾಶವಿದೆ.

ಸಮಯದ ಮಿತಿಯನ್ನು ಮಾತ್ರ ಮರೆಯಬೇಡಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ದೂರು ತಲುಪಿದ ಎದುರು ಪಕ್ಷದವರು 30 ದಿನದಲ್ಲಿ ಉತ್ತರ ಕೊಡಬೇಕು, ಹೆಚ್ಚೆಂದರೆ ಇನ್ನು 15 ದಿನ ಸಿಗುತ್ತದೆ. ಪರೀಕ್ಷೆಗೆ ಕಳಿಸುವ ಅಗತ್ಯವಿಲ್ಲದ ದೂರನ್ನು ಆದಷ್ಟೂ ಮೂರು ತಿಂಗಳಲ್ಲಿ ಮುಗಿಸಬೇಕೆಂದು ಕಾಯ್ದೆ ಹೇಳುತ್ತದೆ. ನಡೆಯುವಾಗ ಇನ್ನೂ ತಡವಾಗುವುದುಂಟು, ತಾಳ್ಮೆ ಬೇಕು. ಆದೇಶ ಬಂದ ಮೇಲೂ ಪಾಲಿಸದವರಿಗೆ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ ಅಥವಾ 25 ಸಾವಿರದಿಂದ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಕಂತಿನಲ್ಲಿ ಕೊಂಡವರು ಕೋಪದಿಂದ ಕಂತು ಕಟ್ಟುವುದನ್ನು ನಿಲ್ಲಿಸಬೇಡಿ. ಸಾಲ ಕೊಟ್ಟವರ ಲೆಕ್ಕವೇ ಬೇರೆ. ತಪ್ಪು ಅಂಗಡಿಯವರದ್ದಾದರೂ ಸಾಲ ಕಟ್ಟದವರ ಪಟ್ಟಿಗೆ ಸೇರುವುದು ನಿಮ್ಮ ಹೆಸರು.

ನಮ್ಮ ಕಡೆಯೂ ಸರಿಯಿರಲಿ

ನ್ಯಾಯ ಕೇಳುವವರ ಮಾತು ನಿಜವಿರಬೇಕು. ಪರದೆ ಒಡೆದದ್ದನ್ನು, ನೀರು ಹೊಕ್ಕದ್ದನ್ನು ಮುಚ್ಚಿಟ್ಟು ಪೂರ್ತಿ ಬೆಲೆ ಕೇಳಿದರೆ ಆಯೋಗವೂ ಒಪ್ಪುವುದಿಲ್ಲ, ನಮ್ಮ ಮನಸ್ಸೂ ಒಪ್ಪಬಾರದು. 'ಫೋನಿನ ಸ್ಥಿತಿ ನೋಡಿ ಬೆಲೆ' ಎಂದು ಬಿಲ್ಲಿನಲ್ಲಿ ಸ್ಪಷ್ಟವಾಗಿ ಬರೆದು, ನೀವು ಅದಕ್ಕೆ ಒಪ್ಪಿದ್ದರೆ ನಿಮ್ಮ ದೂರಿಗೆ ಬಲ ಕಡಿಮೆ. ಅಂಗಡಿಯ ಕೆಲಸದ ಹುಡುಗನ ಮೇಲೆ ಕೂಗಾಡಿಯೂ ಫಲವಿಲ್ಲ. ಕೊಡುಗೆ ಮಾಡಿದವನು ಅವನಲ್ಲ.

ಟಿಕೋಟಾದ ಆ ತಾಯಿಯ ಬಳಿ ಬಿಲ್ಲಿತ್ತೇ? ಬಿಲ್ಲಿನ ಹಿಂದೆ ಒಂದು ಸಾಲು ಬರೆಸಿದ್ದಳೇ? ಬರೆಸಿದ್ದರೆ ಅವಳು ಎರಡೂವರೆ ಸಾವಿರ ಹಿಡಿದು ಸುಮ್ಮನೆ ಬಸ್ಸು ಹತ್ತಬೇಕಿಲ್ಲ. ಸಹೋದರಿಯರೇ, ಇಂದು ಸಂಜೆ ಕೆಲಸ ಮುಗಿದ ಮೇಲೆ ಒಂದು ಹಳೆಯ ಲಕೋಟೆ ತೆಗೆದುಕೊಳ್ಳಿ. ಮನೆಯಲ್ಲಿರುವ ಫೋನು, ಮಿಕ್ಸರು, ಫ್ರಿಜ್ಜುಗಳ ಬಿಲ್ಲುಗಳನ್ನೆಲ್ಲ ಹುಡುಕಿ ಅದರಲ್ಲಿ ಹಾಕಿ, ರೇಷನ್ ಕಾರ್ಡಿನ ಜೊತೆ ಇಡಿ. ಲಕೋಟೆಯ ಮೇಲೆ 1915 ಎಂದು ಬರೆಯಿರಿ.