ಬೆಂಗಳೂರಿನ ಚರಿತ್ರೆ ಹುಡುಕುತ್ತ ಹೊದಿಗೆರೆಯವರೆಗೆ

ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿ ಷಹಾಜಿ ಭೋಸಲೆಯ ಸಮಾಧಿ ಇದೆ. ಛತ್ರಪತಿ ಶಿವಾಜಿಯ ತಂದೆ ಷಹಾಜಿ 1664ರಲ್ಲಿ ಈ ಸೀಮೆಯಲ್ಲಿ ಬೇಟೆಗೆ ಹೋದಾಗ ಕುದುರೆಯಿಂದ ಬಿದ್ದು ಸತ್ತ. ಮಹಾರಾಷ್ಟ್ರದಿಂದ ಬರುವ ಯಾತ್ರಿಕರು ಈ ಸಮಾಧಿಯ ಮುಂದೆ ಕೈ ಮುಗಿದು ಹೋಗುತ್ತಾರೆ. ಇಲ್ಲಿಗೆ ತಪ್ಪದೆ ಬರಬೇಕಾದವರು ಇನ್ನೂ ಕೆಲವರಿದ್ದಾರೆ ಎಂಬುದು ನನ್ನ ಅನಿಸಿಕೆ. ಅವರು ಬೆಂಗಳೂರಿನ ಚರಿತ್ರೆಯನ್ನು ಎದೆಗೆ ಹಚ್ಚಿಕೊಂಡವರು. ಬೆಂಗಳೂರನ್ನು ಬಿಜಾಪುರದ ಸುಲ್ತಾನನಿಂದ ಜಹಗೀರಾಗಿ ಪಡೆದು, ಅಲ್ಲೇ ನೆಲೆ ನಿಂತು ವರ್ಷಗಟ್ಟಲೆ ಆಳಿದವನು ಇದೇ ಷಹಾಜಿ. ಬಾಲಕ ಶಿವಾಜಿ ತಾಯಿ ಜೀಜಾಬಾಯಿಯ ಜೊತೆ ಬಂದು ಕೆಲಕಾಲ ಇದ್ದುಹೋದದ್ದು ಆಗಲೇ. ಮತ್ತೊಬ್ಬ ಮಗ ಏಕೋಜಿ ಬೆಂಗಳೂರಿನಿಂದ ಹೊರಟು ತಂಜಾವೂರಿನಲ್ಲಿ ಮರಾಠಾ ಅರಸೊತ್ತಿಗೆ ಕಟ್ಟಿದ. ಚಿಕ್ಕಪೇಟೆಯ ಓಣಿಗಳಲ್ಲಿ ಭಾನುವಾರದ ಬೆಳಗ್ಗೆ ಗುಂಪು ಕಟ್ಟಿಕೊಂಡು ನಡೆಯುತ್ತ ಹಳೆಯ ಊರನ್ನು ನೋಡುವವರು ಈ ಕಥೆಯನ್ನು ಕೇಳಿರುತ್ತಾರೆ. ಅದರ ಕೊನೆಯ ಪುಟ ಮಾತ್ರ ಅಡಿಕೆ ತೋಟಗಳ ಈ ನಾಡಿನಲ್ಲಿದೆ.

ಕಥೆಯ ಮೊದಲ ಪುಟವೂ ಇಲ್ಲಿಯದೇ. ಬೆಂಗಳೂರನ್ನು ಮುಮ್ಮಡಿ ಕೆಂಪೇಗೌಡನಿಂದ ಗೆದ್ದುಕೊಂಡದ್ದು ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್. ಅವನ ಸೈನ್ಯ ಮಲೆನಾಡಿನ ಕಡೆಯಿಂದ ಕರ್ನಾಟಕದ ಒಳಕ್ಕೆ ನುಗ್ಗಲು ನೆರವಾದವನು ಬಸವಾಪಟ್ಟಣದ ಕೆಂಗ ಹನುಮಪ್ಪ ನಾಯಕ. ಇಕ್ಕೇರಿಯ ವೀರಭದ್ರ ನಾಯಕನ ಮೇಲಿನ ಹಗೆ ಅವನನ್ನು ಬಿಜಾಪುರದವರ ಪಾಳೆಯಕ್ಕೆ ಸೇರಿಸಿತು. ಮೊದಲು ಇಕ್ಕೇರಿ ಸೂರೆಯಾಯಿತು, ಆಮೇಲೆ ಬೆಂಗಳೂರು ಬಿತ್ತು. ಮುಂದೆ ಹನುಮಪ್ಪ ನಾಯಕ ತಿರುಗಿಬಿದ್ದಾಗ ಅದೇ ಸೈನ್ಯ ಬಸವಾಪಟ್ಟಣದ ಕೋಟೆಯನ್ನೂ ಬಿಡಲಿಲ್ಲ. ಸಂತೇಬೆನ್ನೂರಿಗೆ ಹೋದರೆ ಈ ಎಲ್ಲ ಗದ್ದಲದ ಕುರುಹು ಕಣ್ಣೆದುರಿಗೇ ಇದೆ. ಪಾಳೆಯಗಾರ ಹನುಮಪ್ಪ ನಾಯಕರ ಮನೆತನ ಕಟ್ಟಿಸಿದ ಪುಷ್ಕರಣಿ, ಸುತ್ತಲೂ ಇಳಿಯುವ ಮೆಟ್ಟಿಲು, ಅಂಚಿನಲ್ಲಿ ಚಿಕ್ಕ ಮಂಟಪಗಳು, ನೀರಿನ ನಡುವೆ ಗೋಪುರದಂತೆ ಎದ್ದ ವಸಂತ ಮಂಟಪ. ಪಕ್ಕದಲ್ಲಿ ಕಮಾನುಗಳ ಮುಸಾಫಿರಖಾನೆ. ರಂಗನಾಥನ ಗುಡಿ ಇದ್ದ ಜಾಗದಲ್ಲಿ ರಣದುಲ್ಲಾ ಖಾನ್ ಅದನ್ನು ಕಟ್ಟಿಸಿದನೆಂದು ಊರವರು ಹೇಳುತ್ತಾರೆ. ಹೊಂಡ ಮತ್ತು ಮುಸಾಫಿರಖಾನೆ ಎರಡೂ ಈಗ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಬೆಂಗಳೂರಿನ ಕೋಟೆಯನ್ನು ಗೆದ್ದವನ ಹೆಸರಿನೊಡನೆ ಬೆಸೆದ ಕಟ್ಟಡವೊಂದನ್ನು ನೋಡಬೇಕೆಂದರೆ ಸಂತೇಬೆನ್ನೂರಿಗೆ ಬರಬಹುದು.

ದೊಡ್ಡ ನಗರವೊಂದರ ಹಳೆಯ ಕಾಲದ ಮೇಲೆ ಮೋಹ ಬೆಳೆಸಿಕೊಂಡವರ ಪರಂಪರೆ ಬೆಂಗಳೂರಿಗೆ ದೀರ್ಘವಾದದ್ದು. ಫಜ್ಲುಲ್ ಹಸನ್ 1970ರಲ್ಲಿ ಶತಮಾನಗಳ ಬೆಂಗಳೂರಿನ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಬ.ನ. ಸುಂದರರಾವ್ ಕನ್ನಡದಲ್ಲಿ ‘ಬೆಂಗಳೂರಿನ ಇತಿಹಾಸ’ ಬರೆದರು. ಈಚಿನ ವರ್ಷಗಳಲ್ಲಿ ಈ ಹುಚ್ಚು ಪುಸ್ತಕದಿಂದ ಬೀದಿಗೆ ಇಳಿದಿದೆ. ವೃತ್ತಿಯಿಂದ ಎಂಜಿನಿಯರ್ ಆಗಿದ್ದ ಪಿ.ಎಲ್. ಉದಯಕುಮಾರ್ ಮತ್ತು ಗೆಳೆಯರು ಹಳೆಯ ಶಾಸನ ಸಂಪುಟ ಹಿಡಿದುಕೊಂಡು ಬಡಾವಣೆ ಬಡಾವಣೆಗೆ ಅಲೆದರು. ಪುಸ್ತಕದಲ್ಲಿದ್ದ ಎಷ್ಟೋ ಕಲ್ಲುಗಳು ಜಾಗದಲ್ಲಿ ಇರಲಿಲ್ಲ. ಕೆಲವು ಪಾಯದೊಳಗೆ ಹೋಗಿದ್ದವು, ಕೆಲವು ಚರಂಡಿಯ ಹಾಸುಗಲ್ಲಾಗಿದ್ದವು. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಕೆಲಸದ ವೇಳೆ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಬರಹ. ಊರಿಗಾಗಿ ಕಾದಾಡಿ ಮಡಿದವನ ಆ ಕಲ್ಲಿಗೆ ಜನ ಸೇರಿ ಮಂಟಪ ಕಟ್ಟಿಸಿದರು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ, ನೃಪತುಂಗ ರಸ್ತೆಯ ಡಾಲಿ ಮೆಮೊರಿಯಲ್ ಹಾಲ್‌ನಲ್ಲಿರುವ ಆ ಹಿರಿಯ ಸಂಸ್ಥೆ, 2021ರಿಂದ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದೆ. ಬೆಳಕು ಚೆಲ್ಲಿ ಕಲ್ಲಿನ ಒಂದೊಂದು ತಗ್ಗನ್ನೂ ಅಳೆದುಕೊಂಡರೆ ಕಂಪ್ಯೂಟರಿನ ಪರದೆಯ ಮೇಲೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಕಣ್ಣಿಗೆ ದಕ್ಕದ ಸಾಲುಗಳು ಹೀಗೆ ಓದಿಗೆ ಬಂದಿವೆ.

ಇವರೆಲ್ಲರ ಕೈಯಲ್ಲಿದ್ದದ್ದು ಒಬ್ಬ ಬೆಂಗಳೂರಿಗನ ಪುಸ್ತಕ. ಬಿ.ಎಲ್. ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲಿ. ತಂದೆ ಲಂಡನ್ ಮಿಷನ್ನಿನ ಪಾದ್ರಿ. ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ಹಿಂತಿರುಗಿ, ಮುಂದೆ ಸೆಂಟ್ರಲ್ ಕಾಲೇಜಾದ ಶಾಲೆಯ ಮುಖ್ಯಸ್ಥರಾದರು. ಆಮೇಲೆ ಶಾಲೆಗಳ ತನಿಖೆಯ ಕೆಲಸ. ಹಳ್ಳಿಹಳ್ಳಿಯ ಶಾಲೆ ನೋಡಲು ಹೋದವರಿಗೆ ಹಳ್ಳಿಹಳ್ಳಿಯ ಕಲ್ಲುಗಳೂ ಕಂಡವು. 1879ರಲ್ಲಿ ಮೈಸೂರು ಶಾಸನಗಳ ಅನುವಾದ ಹೊರತಂದರು. 1886ರಿಂದ 1905ರವರೆಗೆ ‘ಎಪಿಗ್ರಾಫಿಯಾ ಕರ್ನಾಟಿಕ’ ಹನ್ನೆರಡು ಸಂಪುಟಗಳಲ್ಲಿ ಬಂತು. ಅದರಲ್ಲಿ 8,869 ಶಾಸನಗಳಿವೆ. ಬೆಂಗಳೂರಿನ ಬಳಿಯ ಬೇಗೂರಿನ ಕಲ್ಲನ್ನು ಓದುವ ಹುಮ್ಮಸ್ಸು ಯಾವುದೋ, ಹೊನ್ನಾಳಿಯ ಹೊಳೆದಂಡೆಯ ವೀರಗಲ್ಲನ್ನು ಓದುವ ಹುಮ್ಮಸ್ಸೂ ಅವರಿಗೆ ಅದೇ. ರಾಜಧಾನಿಯ ಕಲ್ಲಿಗೆ ದೊಡ್ಡ ಮಣೆ, ಕುಗ್ರಾಮದ ಕಲ್ಲಿಗೆ ಚಿಕ್ಕ ಮಣೆ ಎಂಬ ಭೇದವಿಲ್ಲ. ಎಲ್ಲಕ್ಕೂ ಒಂದು ಅಂಕಿ, ಇರುವ ಜಾಗ, ಕನ್ನಡ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ. ರೈಸ್ ಅವರ ಮೇಲೆ ನನಗಿರುವ ಗೌರವಕ್ಕೆ ಮುಖ್ಯ ಕಾರಣವೇ ಈ ಸಮದೃಷ್ಟಿ.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂಬ ನಮ್ಮ ನಾಲ್ಕು ತಾಲ್ಲೂಕಿನವರು ತಮ್ಮ ಊರಿನ ಕಲ್ಲನ್ನು ಆ ಸಂಪುಟಗಳಲ್ಲಿ ಹುಡುಕಲು ಹೋದರೆ ಮೊದಲು ದಿಕ್ಕು ತಪ್ಪುತ್ತದೆ. ದಾವಣಗೆರೆ ಜಿಲ್ಲೆಯ ಹೆಸರಿನ ಸಂಪುಟವೇ ಅಲ್ಲಿಲ್ಲ. ಜಿಲ್ಲೆ ಹುಟ್ಟಿದ್ದು 1997ರಲ್ಲಿ. ರೈಸ್ ಕಾಲಕ್ಕೆ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯವು, ಹಾಗಾಗಿ ಶಿವಮೊಗ್ಗ ಮತ್ತು ಶಿಕಾರಿಪುರದ ಜೊತೆಗೆ 1902ರ ಏಳನೆಯ ಸಂಪುಟದಲ್ಲಿವೆ. ಜಗಳೂರು ಚಿತ್ರದುರ್ಗದ್ದು, 1903ರ ಹನ್ನೊಂದನೆಯ ಸಂಪುಟದಲ್ಲಿದೆ. ನ್ಯಾಮತಿ ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ, ಆದ್ದರಿಂದ ನ್ಯಾಮತಿಯವರು ಹೊನ್ನಾಳಿಯ ಪುಟಗಳನ್ನೇ ತಿರುವಬೇಕು. ಇಷ್ಟು ತಿಳಿದರೆ ಆಮೇಲಿನದು ಸಲೀಸು. ಇಂಥ ಊರು, ಇಂಥ ಗುಡಿಯ ಉತ್ತರಕ್ಕಿರುವ ಕಲ್ಲು, ಇಂಥವರ ಹೊಲದಲ್ಲಿ ನಿಲ್ಲಿಸಿದ ಕಲ್ಲು ಎಂಬ ಧಾಟಿಯಲ್ಲಿ ವಿಳಾಸ ಕೊಟ್ಟಿರುತ್ತದೆ. ಪುಸ್ತಕ ಹಿಡಿದು ಹೊಲದ ಬದುವಿನಲ್ಲಿ ನಿಂತು, ನೂರಿಪ್ಪತ್ತು ವರ್ಷದ ಹಿಂದೆ ಬರೆದ ವಿಳಾಸಕ್ಕೆ ಕಲ್ಲು ಇಂದೂ ಓಗೊಟ್ಟರೆ ಆಗುವ ಸಂತೋಷವೇ ಬೇರೆ.

ಆ ಪುಟಗಳಲ್ಲಿ ಎಷ್ಟು ಸಂಪತ್ತಿದೆ ಎಂಬುದಕ್ಕೆ ಬೆಳಗುತ್ತಿಯೊಂದೇ ಸಾಕು. ನ್ಯಾಮತಿ ತಾಲ್ಲೂಕಿನ ಈ ಊರು ಇಂದು ಸಾಮಾನ್ಯ ಹಳ್ಳಿ, 12 ಮತ್ತು 13ನೆಯ ಶತಮಾನಗಳಲ್ಲಿ ಸಿಂದ ಅರಸರ ರಾಜಧಾನಿ. ಚಾಲುಕ್ಯರು, ಕಳಚುರಿಗಳು, ಹೊಯ್ಸಳರು, ಸೇವುಣರು ಹೀಗೆ ಮೇಲಿನ ದೊರೆಗಳು ಬದಲಾಗುತ್ತ ಹೋದರೂ ಸಿಂದರು ತಮ್ಮ ನೆಲವನ್ನು ಹಿಡಿದುಕೊಂಡೇ ಇದ್ದರು. ಅವರ ಇತಿಹಾಸ ನಮಗೆ ಗೊತ್ತಿರುವುದು ಬಹುಪಾಲು ಕಲ್ಲುಗಳಿಂದಲೇ. ಕಲ್ಲು ಹೋದರೆ ಆ ಮನೆತನವೂ ಹೋದಂತೆ.

ಕಲ್ಲನ್ನು ಓದುವ ಕಸುಬಿನ ಬಗ್ಗೆ ಒಂದಿಷ್ಟು ಹೇಳಬೇಕು. ಸ್ಕ್ಯಾನರ್ ಬಂದರೂ ಪಡಿಯಚ್ಚಿನ ಕೆಲಸಕ್ಕೆ ಬೆಲೆ ಕಡಿಮೆಯಾಗಿಲ್ಲ. ಮೊದಲು ಕಲ್ಲನ್ನು ನೀರು ಹಾಕಿ ಬ್ರಷ್ಷಿನಿಂದ ಮೆಲ್ಲಗೆ ತೊಳೆಯಬೇಕು. ತಲೆಮಾರುಗಳ ಎಣ್ಣೆ, ಕುಂಕುಮ, ಸುಣ್ಣ ಅಕ್ಷರಗಳಲ್ಲಿ ತುಂಬಿಕೊಂಡಿರುತ್ತದೆ. ಗಟ್ಟಿ ನಾರಿನ ಕಾಗದವನ್ನು ನೀರಿನಲ್ಲಿ ನೆನೆಸಿ, ಕಲ್ಲಿನ ಮೇಲೆ ಹಾಸಿ, ಗಾಳಿಗುಳ್ಳೆ ಉಳಿಯದಂತೆ ಒತ್ತಿ, ಬ್ರಷ್ಷಿನಿಂದ ಬಡಿಯಬೇಕು. ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಅರೆ ಒಣಗಿದ ಹೊತ್ತಿಗೆ ಬಟ್ಟೆಯ ಉಂಡೆಗೆ ಮಸಿ ಹಚ್ಚಿಕೊಂಡು ಮೇಲುಮೇಲೆ ತಟ್ಟುತ್ತ ಬರಬೇಕು. ಉಬ್ಬಿದ ಭಾಗ ಕಪ್ಪಾಗುತ್ತದೆ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಮಸಿ ಒಂದಿಷ್ಟು ಹೆಚ್ಚಾದರೂ ತಗ್ಗಿಗೆ ಇಳಿದು ಅಕ್ಷರವನ್ನು ನುಂಗುತ್ತದೆ. ಗಾಳಿ ಬೀಸಿದರೆ ಕಾಗದ ಹಾರುತ್ತದೆ, ಬಿಸಿಲು ಜೋರಾದರೆ ಬೇಗ ಒಣಗಿ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಈ ಕೆಲಸಕ್ಕೆ ಬೆಳಗಿನ ಹೊತ್ತು ಹಿತ.

ಅಕ್ಷರ ಬಾರದವರಿಗೂ ವೀರಗಲ್ಲು ಮಾತಾಡುತ್ತದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ ನಡೆದಿರುತ್ತದೆ, ಕೆಲವೆಡೆ ದನಗಳ ಹಿಂಡೂ ಇರುತ್ತದೆ, ತುರು ಬಿಡಿಸಲು ಹೋಗಿ ಸತ್ತವನೆಂದು ಅರ್ಥ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಎದುರು ಕೂತಿರುತ್ತಾನೆ. ತುದಿಯಲ್ಲಿ ಸೂರ್ಯಚಂದ್ರರು. ಹೊನ್ನಾಳಿ, ನ್ಯಾಮತಿ ಕಡೆಯ ಹಳ್ಳಿಗಳಲ್ಲಿ ಇಂಥ ಕಲ್ಲುಗಳು ಗುಡಿಯಂಗಳದಲ್ಲೂ ಕೆರೆ ಏರಿಯ ಮೇಲೂ ನಿಂತಿವೆ. ಕೆಲವಕ್ಕೆ ಪೂಜೆ ಇದೆ. ಪೂಜೆ ಇರುವ ಕಲ್ಲು ಉಳಿದಿದೆ, ಇಲ್ಲದ್ದು ಕಟ್ಟಡಕ್ಕೆ ಹೋಗಿದೆ ಎಂಬುದು ತಿರುಗಾಡಿದವರಿಗೆಲ್ಲ ಗೊತ್ತು.

ಹೊನ್ನಾಳಿಯ ಹೆಸರು ಬಂದಾಗ ನೂರತೊಂಬತ್ತು ಚಿಲ್ಲರೆ ವರ್ಷಗಳ ಹಿಂದಿನ ದಂಗೆಯನ್ನು ನೆನೆಯದೆ ಮುಂದೆ ಹೋಗಲಾಗದು. ಕಂದಾಯದ ಕಿರುಕುಳ ತಾಳಲಾರದೆ 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿದರು. ಬಸವಾಪಟ್ಟಣ ಆ ಕೂಟಗಳ ಮುಖ್ಯ ತಾಣಗಳಲ್ಲೊಂದು. ಬೂದಿ ಬಸವಪ್ಪ ನಾಯಕನೂ ತರೀಕೆರೆಯ ಪಾಳೆಯಗಾರನೂ ಮುಂದೆ ನಿಂತರು. 1831ರಲ್ಲಿ ಹೊನ್ನಾಳಿ ಕೋಟೆಯ ಮೇಲೆ ಬಿದ್ದ ಬ್ರಿಟಿಷ್ ಪಡೆಗೆ ಮೊದಲ ಯತ್ನದಲ್ಲಿ ಅದು ದಕ್ಕಲಿಲ್ಲ. ದಂಗೆ ಅಡಗಿತು, ಆದರೆ ಅದೇ ನೆಪ ಮುಂದಿಟ್ಟು ಗವರ್ನರ್ ಜನರಲ್ ಬೆಂಟಿಂಕ್ ಅದೇ ವರ್ಷ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಂಡ. ಕಮಿಷನರುಗಳು ಬಂದು ಕೂತರು, ಆಡಳಿತ ಮೈಸೂರಿನಿಂದ ಬೆಂಗಳೂರಿಗೆ ಹೋಯಿತು. ಬೆಂಗಳೂರು ಆಡಳಿತದ ಊರಾಗಿ ಬೆಳೆದದ್ದರ ಹಿಂದೆ ಹೊನ್ನಾಳಿ ಮತ್ತು ಬಸವಾಪಟ್ಟಣದ ರೈತರ ಸಿಟ್ಟೂ ಇದೆ. ವಿಧಾನಸೌಧದ ಎದುರಿನ ಅಠಾರಾ ಕಚೇರಿಯನ್ನು ತೋರಿಸುತ್ತ ಕಮಿಷನರ್ ಕಬ್ಬನ್ನರ ಕಥೆ ಹೇಳುವವರು ಈ ಊರುಗಳ ಹೆಸರನ್ನೂ ಹೇಳಬೇಕು.

ಜಗಳೂರಿನ ಕಡೆಗೆ ಒಂದು ಎಳೆ ಪಕ್ಕದ ಚಳ್ಳಕೆರೆ ತಾಲ್ಲೂಕಿನ ದೊಡ್ಡೇರಿಯಿಂದ ಬರುತ್ತದೆ. 1687ರಲ್ಲಿ ಮೊಗಲರ ಪರವಾಗಿ ಬೆಂಗಳೂರನ್ನು ಹಿಡಿದವನು ಕಾಸಿಂ ಖಾನ್. ಆಮೇಲೆ ಊರು ಚಿಕ್ಕದೇವರಾಜ ಒಡೆಯರ ಕೈ ಸೇರಿತು. ಅದೇ ಕಾಸಿಂ ಖಾನ್ 1695ರಲ್ಲಿ ಸಂತಾಜಿ ಘೋರ್ಪಡೆಯ ಮುತ್ತಿಗೆಗೆ ಸಿಕ್ಕಿ ದೊಡ್ಡೇರಿಯಲ್ಲಿ ಪ್ರಾಣ ಬಿಟ್ಟ. ಬೆಂಗಳೂರನ್ನು ಆಳಿದ ಷಹಾಜಿ, ಹಿಡಿದ ಕಾಸಿಂ ಖಾನ್, ಇಬ್ಬರೂ ಕೊನೆಯುಸಿರೆಳೆದದ್ದು ಈ ಬಯಲುಸೀಮೆ ಮತ್ತು ಅರೆಮಲೆನಾಡಿನ ಸೆರಗಿನಲ್ಲಿ.

ಇನ್ನು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ. ಎರಡು ಗುಡ್ಡಗಳ ನಡುವಿನ ಕಂಡಿಗೆ ಏರಿ ಹಾಕಿ ಹರಿದ್ರಾ ಹೊಳೆಯನ್ನು ನಿಲ್ಲಿಸಿದ ಈ ಮಹಾ ಕೆರೆಯ ಅಡಿಯಲ್ಲಿ ಒಂದು ದೊಡ್ಡ ಪಟ್ಟಣವೇ ಮುಳುಗಿದೆ ಎಂದು ಜನ ನಂಬುತ್ತಾರೆ. ಪಟ್ಟಣದ ಹೆಸರು ಸ್ವರ್ಗಾವತಿ, ಕೆರೆ ಕಟ್ಟಿಸಿದವಳು ಅಲ್ಲಿನ ಅರಸನ ಮಗಳು ಶಾಂತವ್ವೆ. ಅವಳ ಹೆಸರಿನಿಂದಲೇ ಕೆರೆಗೆ ಶಾಂತಿಸಾಗರ ಎಂಬ ಇನ್ನೊಂದು ಹೆಸರು. ಮೈಸೂರು ಗೆಜೆಟಿಯರ್ ಬರೆಯುವಾಗ ರೈಸ್ ಈ ಕಥೆಯನ್ನು ಬಿಡದೆ ದಾಖಲಿಸಿದರು. ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ ಏರಿಯನ್ನು ಪರೀಕ್ಷಿಸಿ, ಹಳಬರ ಕಟ್ಟುಗಾರಿಕೆಗೆ ಮೆಚ್ಚಿದರು. ಬೆಂಗಳೂರಿನ ಸ್ಯಾಂಕಿ ಕೆರೆಗೆ ಹೆಸರು ಬಂದದ್ದು ಇವರಿಂದಲೇ. ಸ್ಯಾಂಕಿ ಕೆರೆಯ ದಂಡೆಯಲ್ಲಿ ಬೆಳಗ್ಗೆ ನಡೆಯುವವರು ಒಮ್ಮೆ ಸೂಳೆಕೆರೆಯ ಏರಿಯ ಮೇಲೂ ನಡೆಯಲಿ. ನೀರು ತುಂಬಿದ ವರ್ಷ ಎದುರಿನ ದಡ ಕಣ್ಣಿಗೆ ಎಟುಕುವುದೇ ಕಷ್ಟ.

ಬೆಂಗಳೂರಿನಲ್ಲಿ ಶಾಸನ ಹುಡುಕುವವರಲ್ಲಿ ವಿದ್ವಾಂಸರಿಗಿಂತ ಬೇರೆ ಬೇರೆ ಉದ್ಯೋಗದವರೇ ಹೆಚ್ಚು. ನಮ್ಮಲ್ಲೂ ಮೇಷ್ಟ್ರು, ಗ್ರಾಮಲೆಕ್ಕಿಗರು, ಹೈಸ್ಕೂಲಿನ ಮಕ್ಕಳು ಇದನ್ನು ಶುರು ಮಾಡಬಹುದು. ರೈಸ್ ಸಂಪುಟಗಳು ಈಗ ಅಂತರಜಾಲದಲ್ಲಿ ಹಣ ಕೊಡದೆ ಓದಲು ಸಿಗುತ್ತವೆ. ತಮ್ಮ ಊರಿನ ಅಂಕಿಗಳನ್ನು ಬರೆದುಕೊಂಡು, ಒಂದೊಂದು ಕಲ್ಲು ಇದೆಯೋ ಇಲ್ಲವೋ ನೋಡಿ, ಇಳಿಹೊತ್ತಿನ ಓರೆ ಬೆಳಕಿನಲ್ಲಿ ಫೋಟೊ ತೆಗೆದು, ಜಾಗವನ್ನು ಮೊಬೈಲಿನ ನಕ್ಷೆಯಲ್ಲಿ ಗುರುತಿಸಿದರೆ ಮೊದಲ ಸುತ್ತಿನ ಕೆಲಸ ಮುಗಿಯಿತು. ಮಣ್ಣಲ್ಲಿ ಹೊಸ ಕಲ್ಲು ಕಂಡರೆ ಹಾರೆ ಹಾಕಿ ಕೀಳಬಾರದು, ಎಣ್ಣೆಬಣ್ಣ ಬಳಿಯಬಾರದು, ಆಮ್ಲದಿಂದ ತೊಳೆಯಬಾರದು. ರಾಜ್ಯ ಪುರಾತತ್ವ ಇಲಾಖೆಗೆ ಒಂದು ಪತ್ರ, ಗ್ರಾಮ ಪಂಚಾಯಿತಿಗೆ ಅದರ ಪ್ರತಿ ಕೊಡಬೇಕು. ಜಾಗದಲ್ಲಿ ಉಳಿಸಲಾಗದ ಕಲ್ಲುಗಳಿಗೆ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಸಂಗ್ರಹಾಲಯದಂಥ ಆಸರೆ ಇದೆ. ಆದರೆ ಸಾಧ್ಯವಾದಷ್ಟೂ ಕಲ್ಲು ತಾನು ಹುಟ್ಟಿದ ಊರಿನಲ್ಲೇ, ಹೆಬ್ಬಾಳದ ಕಿತ್ತಯ್ಯನಿಗೆ ಸಿಕ್ಕಂಥ ಒಂದು ಮಂಟಪದ ನೆರಳಿನಲ್ಲಿ ನಿಲ್ಲಬೇಕು. ಆ ಕೆಲಸಕ್ಕೆ ಬೆಳಗುತ್ತಿಯಿಂದ ಮೊದಲಾಗಲಿ ಎಂಬುದು ನನ್ನ ಆಸೆ. ಒಂದು ಕಾಲಕ್ಕೆ ರಾಜಧಾನಿಯಾಗಿದ್ದ ಊರದು.