ಮರೆಮಾಚಿದ ಪಾಪ, ಮುನಿದ ನಿದ್ರೆ

ಮನುಷ್ಯನು ಲೋಕದ ಕಣ್ಣಿಗೆ ಮಣ್ಣೆರಚಬಹುದು. ತನ್ನ ಅಂತಃಸಾಕ್ಷಿಯ ಕಣ್ಣಿಗೆ ಎರಚಲಾರನು. ಶರಣರು ಮತ್ತೆ ಮತ್ತೆ ತಿಳಿಹೇಳಿದ ಈ ಸತ್ಯವನ್ನು ದೂರದ ನಾಡಿನ ಚಲನಚಿತ್ರವೊಂದು ತನ್ನದೇ ಬಗೆಯಲ್ಲಿ ಮನಗಾಣಿಸುತ್ತದೆ. ಅದು ಬ್ರಾಡ್ ಆಂಡರ್ಸನ್ ನಿರ್ದೇಶಿಸಿದ, 2004ರಲ್ಲಿ ತೆರೆಕಂಡ ‘ದಿ ಮೆಷಿನಿಸ್ಟ್’. ಕಥೆ ಅಮೆರಿಕದ್ದು, ಚಿತ್ರೀಕರಣ ನಡೆದುದು ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ.

ಟ್ರೆವರ್ ರೆಜ್ನಿಕ್ ಕಾರ್ಖಾನೆಯೊಂದರ ಯಂತ್ರಕರ್ಮಿ. ಒಂದು ವರ್ಷದಿಂದ ಅವನಿಗೆ ನಿದ್ರೆಯಿಲ್ಲ; ದೇಹವು ಎಲುಬಿನ ಹಂದರವಾಗಿದೆ. ಈ ಪಾತ್ರಕ್ಕಾಗಿ ನಟ ಕ್ರಿಶ್ಚಿಯನ್ ಬೇಲ್ ಸುಮಾರು 28 ಕಿಲೋ ತೂಕ ಇಳಿಸಿಕೊಂಡಿದ್ದರು. ಇವಾನ್ ಎಂಬ ಬೋಳುತಲೆಯ ಅಪರಿಚಿತನೊಬ್ಬನು ಟ್ರೆವರನಿಗೆ ಮಾತ್ರ ಕಾಣಿಸಿಕೊಳ್ಳುತ್ತಾನೆ. ಅವನತ್ತ ಗಮನ ಹರಿದ ಕ್ಷಣದಲ್ಲಿ ಯಂತ್ರ ಚಾಲನೆಗೊಂಡು ಸಹೋದ್ಯೋಗಿ ಮಿಲ್ಲರ್ ಕೈ ಕಳೆದುಕೊಳ್ಳುತ್ತಾನೆ. ಮನೆಯ ಫ್ರಿಜ್ಜಿನ ಮೇಲೆ ಒಂದು ಚೀಟಿ: ಆರಕ್ಷರದ ಇಂಗ್ಲಿಷ್ ಪದ, ಕೊನೆಯ ಎರಡಕ್ಷರ ಮಾತ್ರ ತುಂಬಿದೆ. ಅದು ‘ಮಿಲ್ಲರ್’ ಎಂದು ಶಂಕಿಸಿ, ಎಲ್ಲರೂ ತನ್ನ ವಿರುದ್ಧ ಸಂಚು ಹೂಡಿದ್ದಾರೆಂದು ಅವನು ನಂಬುತ್ತಾನೆ. ವಿಮಾನ ನಿಲ್ದಾಣದ ಉಪಾಹಾರ ಗೃಹದ ಮರೀ ಎಂಬಾಕೆ ಮತ್ತು ಆಕೆಯ ಪುಟ್ಟ ಮಗನ ಸ್ನೇಹ ಅವನಿಗೆ ನೆಮ್ಮದಿ.

ಕೊನೆಯಲ್ಲಿ ತೆರೆ ಸರಿಯುತ್ತದೆ. ವರ್ಷದ ಹಿಂದೆ, ಸಿಗರೇಟು ಹಚ್ಚಲು ರಸ್ತೆಯಿಂದ ದೃಷ್ಟಿ ಸರಿಸಿದ ಕ್ಷಣದಲ್ಲಿ, ಅವನ ಕಾರು ಬಾಲಕನೊಬ್ಬನ ಪ್ರಾಣ ತೆಗೆದಿತ್ತು. ತಾಯಿಯ ಕಣ್ಣೆದುರೇ ನಡೆದ ಆ ದುರಂತದಿಂದ ಅವನು ಓಡಿಹೋಗಿದ್ದನು. ಮರೀ ಆ ತಾಯಿಯೇ. ಮಗ ಬದುಕಿರುವಂತೆ, ಆಕೆ ತನ್ನನ್ನು ಕಂಡು ನಗುವಂತೆ ಅವನ ಮನಸ್ಸು ಕಟ್ಟಿಕೊಂಡ ಕನಸು ಅದು. ಇವಾನನು ಅವನದೇ ಪಾಪಪ್ರಜ್ಞೆ. ಚೀಟಿಯ ಪದ ‘ಕಿಲ್ಲರ್’, ಅಂದರೆ ಕೊಲೆಗಾರ. ಅವನು ಮರೆತಿದ್ದನು, ಅವನ ಮನಸ್ಸು ಮರೆತಿರಲಿಲ್ಲ.

ಚಿತ್ರದಲ್ಲಿ ಟ್ರೆವರನು ತನ್ನ ಕೈಗಳನ್ನು ಬ್ಲೀಚಿನಿಂದ ತಿಕ್ಕಿ ತೊಳೆಯುತ್ತಾನೆ. ಹೊರಗಿನ ತೊಳೆತದಿಂದ ಒಳಗಿನ ಕಲೆ ಹೋಗದು. ಕರಸ್ಥಲದ ಇಷ್ಟಲಿಂಗದ ಮುಂದೆ ನಿತ್ಯವೂ ಕುಳಿತುಕೊಳ್ಳುವ ನಮಗೆ ಈ ದೃಶ್ಯದ ಅರ್ಥವನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಅವನು ಪಾರಾಗುವುದು ಸತ್ಯವನ್ನು ನುಡಿದಾಗ. ರಸ್ತೆ ಕವಲೊಡೆದಲ್ಲಿ ಪಲಾಯನದ ದಾರಿ ಬಿಟ್ಟು ಪೊಲೀಸ್ ಠಾಣೆಗೆ ತೆರಳಿ ತಪ್ಪೊಪ್ಪಿಕೊಳ್ಳುತ್ತಾನೆ. ಸೆರೆಕೋಣೆಯಲ್ಲಿ, ವರ್ಷದ ಬಳಿಕ, ನಿದ್ರೆ ಅವನ ಬಳಿ ಸುಳಿಯುತ್ತದೆ.

ನಿದ್ರಾಹೀನತೆಗೆಲ್ಲ ಪಾಪವೇ ಕಾರಣವೆಂದು ಯಾರೂ ಭಾವಿಸಬಾರದು. ಮನೋವ್ಯಾಧಿಯೂ ದೇಹದ ವ್ಯಾಧಿಯಂತೆಯೇ. ಅದಕ್ಕೆ ವೈದ್ಯರ ನೆರವು ಬೇಕು, ಮನೆಯವರ ಸಹಾನುಭೂತಿ ಬೇಕು. ಆದರೆ ವಾಹನವಿರುವ ಪ್ರತಿ ಮನೆಯೂ ಈ ಕಥೆಯಿಂದ ಒಂದು ಪಾಠ ಕಲಿಯಬಹುದು. ಅಪಘಾತವಾದಾಗ ಗಾಯಾಳುವಿಗೆ ಚಿಕಿತ್ಸೆ ದೊರಕಿಸಿ, ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯವೆಂದು ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 134ನೆಯ ಕಲಮು ವಿಧಿಸಿದೆ. ದಯೆಯನ್ನೇ ಧರ್ಮದ ಮೂಲವೆಂದು ನಂಬಿದವರಿಗೆ ಕಾಯ್ದೆಗಿಂತ ಮೊದಲೇ ಈ ಕರ್ತವ್ಯವಿದೆ. ಯೌವನಕ್ಕೆ ಕಾಲಿಟ್ಟ ಮಕ್ಕಳ ಕೈಗೆ ವಾಹನದ ಕೀಲಿ ಕೊಡುವಾಗ ತಾಯಿತಂದೆಗಳು ಇದನ್ನೂ ಹೇಳಿಕೊಡಲಿ: ತಪ್ಪಾದರೆ ನಿಲ್ಲು, ಓಡಬೇಡ.